ಹುಬ್ಬಳ್ಳಿ ಟೈಗರ್ಸ್‌ನಿಂದ ಹಾವೇರಿ ಹೋರಿವರೆಗೆ

ಶುಕ್ರವಾರ, ಹುಬ್ಬಳ್ಳಿ

ಹುಬ್ಬಳ್ಳಿ ಹೆಸರಿನಲ್ಲಿ ಒಂದು ಕ್ರಿಕೆಟ್ ತಂಡವಿದೆ. ಆದರೆ ಅದರ ಆಟ ನೋಡಬೇಕೆಂದರೆ ಹುಬ್ಬಳ್ಳಿಯವರು ರೈಲು ಹತ್ತಬೇಕು. ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿ 2022ರಲ್ಲಿ ಶುರುವಾಯಿತಲ್ಲ, ಆಗಿನಿಂದ 2025ರವರೆಗೆ ಪಂದ್ಯಗಳೆಲ್ಲ ನಡೆದಿದ್ದು ಮೈಸೂರಿನಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ. 2023ರಲ್ಲಿ ಮನೀಶ್ ಪಾಂಡೆ ನಾಯಕನಾಗಿದ್ದ ಹುಬ್ಬಳ್ಳಿ ಟೈಗರ್ಸ್ ಮೈಸೂರು ವಾರಿಯರ್ಸ್ ತಂಡವನ್ನು 8 ರನ್‌ಗಳಿಂದ ಸೋಲಿಸಿ ಕಪ್ ಎತ್ತಿದ್ದು ಚಿನ್ನಸ್ವಾಮಿಯಲ್ಲಿ. 2024ರಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ಎದುರು ಪಂದ್ಯ ಟೈ ಆಗಿ, ಸೂಪರ್ ಓವರ್ ಟೈ ಆಗಿ, ಎರಡನೇ ಸೂಪರ್ ಓವರ್ ಕೂಡ ಟೈ ಆಗಿ, ಮೂರನೆಯದರಲ್ಲಿ ಗೆದ್ದಿದ್ದೂ ಅಲ್ಲೇ. 2025ರ ಫೈನಲ್‌ನಲ್ಲಿ ಮಂಗಳೂರಿನ ಎದುರು ಸೋತಿದ್ದು ಮೈಸೂರಿನಲ್ಲಿ.

ರಾಜನಗರದ ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ಮೈದಾನದ ಗೇಟಿನ ಮುಂದೆ ನಿಂತು ಇದನ್ನೆಲ್ಲ ಅಕ್ಕನ ಮಗನಿಗೆ ಹೇಳುತ್ತಿದ್ದೆ. ಅವನಿಗೆ ಪಿಯುಸಿ ರಜೆ. ಬೆಳಗಾಗುವುದರೊಳಗೆ ಅಮೆರಿಕದಲ್ಲಿ ಯಾರು ಗೆದ್ದರು ಅಂತ ಫೋನ್ ನೋಡುವ ಹುಡುಗ. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ, ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಎಲ್ಲ ಬಾಯಿಪಾಠ. ದೀಪಾವಳಿಗೆ ಹಾವೇರಿಯ ನಮ್ಮ ಅಜ್ಜಿ ಊರಿನ ಕಡೆ ಹೋರಿ ಹಬ್ಬ ನೋಡಬೇಕು ಅಂತ ಹಟ ಹಿಡಿದಿದ್ದ. ಹೋಗೋದೇ ಆದರೆ ಹುಬ್ಬಳ್ಳಿ, ಗದಗ ಸುತ್ತಿಕೊಂಡೇ ಹೋಗೋಣ ಅಂದೆ. ರಾತ್ರಿ ರೈಲಿಗೆ ಬಂದು ಬೆಳಿಗ್ಗೆ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಇಳಿದೆವು. 1507 ಮೀಟರಿನ ಆ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ ಹೇಳಿದ್ದೇ ತಪ್ಪಾಯಿತು. ಈ ತುದಿಯಿಂದ ಆ ತುದಿವರೆಗೆ ನಡೆಯಲೇಬೇಕು ಅಂದ. ಬ್ಯಾಗ್ ಹೊತ್ತವನು ಮಾತ್ರ ನಾನು.

ಮೈದಾನದಲ್ಲಿ ನೆಟ್ ಪ್ರಾಕ್ಟೀಸ್ ನಡೆದಿತ್ತು, ಅಷ್ಟೇ. ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕಾಲದಲ್ಲಿ ಇಲ್ಲಿ ಲೀಗ್ ಪಂದ್ಯಗಳು ನಡೆದಿವೆ. 2009ರಲ್ಲಿ ಶುರುವಾದ ಆ ಲೀಗ್ 2019ರ ಫಿಕ್ಸಿಂಗ್ ಪ್ರಕರಣದ ನಂತರ ನಿಂತುಹೋಯಿತು. ರಣಜಿ ಪಂದ್ಯಗಳು ಈಗಲೂ ಬರುತ್ತವೆ. ಪಕ್ಕದ ರಸ್ತೆಯ ಚಹಾ ಅಂಗಡಿಯಲ್ಲಿ ಕಟ್ ಮಿರ್ಚಿ ತಿನ್ನುತ್ತಾ, ಟೈಗರ್ಸ್ ಆಟ ನೋಡ್ತೀರಾ ಅಂತ ಅಂಗಡಿಯವರನ್ನು ಕೇಳಿದೆ.

“ನೋಡ್ತೀವ್ರಿ, ಫೋನಿನ್ಯಾಗ. ಟೈಗರ್ ನಮ್ದ ಖರೆ, ಆದ್ರ ಪಂಜರ ಬೆಂಗಳೂರಾಗ ಐತಿ.”

ಹುಡುಗ ನಕ್ಕ. ಆಮೇಲೆ ಇದಕ್ಕಿಂತ ಕೆಟ್ಟ ಕಥೆ ಇದೆ ಮಾಮಾ ಅಂತ ಓಕ್‌ಲ್ಯಾಂಡ್ ಬಗ್ಗೆ ಹೇಳಿದ. ಕ್ಯಾಲಿಫೋರ್ನಿಯಾದ ಊರು ಅದು. ಅಲ್ಲಿ ಮೂರು ದೊಡ್ಡ ತಂಡಗಳಿದ್ದವು. ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ 2019ರಲ್ಲಿ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ಅಮೆರಿಕನ್ ಫುಟ್‌ಬಾಲ್‌ನ ರೈಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ ಹೋಯಿತು. ಬೇಸ್‌ಬಾಲ್‌ನ ಅಥ್ಲೆಟಿಕ್ಸ್ 2024ರ ಸೀಸನ್ ಮುಗಿಸಿ ಗಂಟುಮೂಟೆ ಕಟ್ಟಿತು. ಐದಾರು ವರ್ಷದಲ್ಲಿ ಮೂರೂ ಖಾಲಿ. ಜನ “ತಂಡ ಮಾರಿಬಿಡಿ” ಅಂತ ಮಾಲೀಕನಿಗೆ ಬೋರ್ಡ್ ಹಿಡಿದು ಕೂಗಿದರೂ ಏನೂ ಆಗಲಿಲ್ಲ. ಮಾಲೀಕನಿಗೆ ಬೇರೆ ಊರಿನಲ್ಲಿ ಒಳ್ಳೆ ಸ್ಟೇಡಿಯಂ, ಒಳ್ಳೆ ರೊಕ್ಕ ಸಿಕ್ಕರೆ ತಂಡ ಹೊರಟಿತು ಅಂತಲೇ ಲೆಕ್ಕ.

ಹೀಗಾಗುವುದಕ್ಕೆ ಕಾರಣವಿದೆ. ಅಮೆರಿಕದ ಲೀಗ್‌ಗಳು ಬಾಗಿಲು ಹಾಕಿಕೊಂಡ ಕ್ಲಬ್ಬುಗಳು. ಎನ್‌ಬಿಎದಲ್ಲಿ 30 ತಂಡ, ಎನ್‌ಎಫ್‌ಎಲ್‌ನಲ್ಲಿ 32. ಎಷ್ಟು ಕೆಟ್ಟದಾಗಿ ಸೋತರೂ ಯಾರೂ ಕೆಳಗಿನ ಡಿವಿಷನ್‌ಗೆ ಬೀಳುವುದಿಲ್ಲ. ತಿರುಗಿ ಬಹುಮಾನವೇ ಉಂಟು. ಎನ್‌ಎಫ್‌ಎಲ್‌ನಲ್ಲಿ ಎಲ್ಲರಿಗಿಂತ ಕಡೆಗೆ ಬಂದವರಿಗೆ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಕಾಲೇಜಿನಿಂದ ಬರುವ ಒಳ್ಳೆಯ ಹುಡುಗನನ್ನು ಮೊದಲು ಆರಿಸಿಕೊಳ್ಳುವ ಅವಕಾಶ. ಸಂಬಳಕ್ಕೂ ಮಿತಿ ಹಾಕಿರುತ್ತಾರೆ, ದುಡ್ಡಿದ್ದವನು ಎಲ್ಲ ಆಟಗಾರರನ್ನೂ ಬಾಚಿಕೊಳ್ಳಬಾರದು ಅಂತ. ಬಂಡವಾಳಶಾಹಿ ದೇಶದ ಆಟದಲ್ಲಿ ಇಷ್ಟೊಂದು ಸಮಾನತೆ! ಐಪಿಎಲ್ 2008ರಲ್ಲಿ ಬಂದಾಗ ಎತ್ತಿಕೊಂಡಿದ್ದು ಈ ಮಾದರಿಯನ್ನೇ. ಮಹಾರಾಜ ಟ್ರೋಫಿಯ ಆರು ತಂಡಗಳೂ ಹಾಗೆಯೇ.

ಇಂಗ್ಲೆಂಡಿನ ಫುಟ್‌ಬಾಲ್ ಬೇರೆ. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ, ಒಂದೊಂದಕ್ಕೆ 38 ಪಂದ್ಯ, ಕೊನೆಯ ಮೂರು ತಂಡ ಕೆಳಗೆ, ಕೆಳಗಿನ ಮೂರು ಮೇಲೆ. ಸಣ್ಣ ಊರಿನ ತಂಡವೂ ಮೆಟ್ಟಿಲು ಹತ್ತಿಕೊಂಡು ಬರಬಹುದು. ಲೆಸ್ಟರ್ ಸಿಟಿ 2014ರಲ್ಲಿ ಹಾಗೆ ಮೇಲೆ ಬಂದು 2016ರಲ್ಲಿ ಲೀಗನ್ನೇ ಗೆದ್ದಿತು. ಸೀಸನ್ ಶುರುವಿನಲ್ಲಿ ಬೆಟ್ಟಿಂಗ್‌ನವರು ಅದಕ್ಕೆ ಕೊಟ್ಟಿದ್ದ ದರ ಒಂದಕ್ಕೆ ಐದು ಸಾವಿರ. ನನಗೆ ಈ ಮೆಟ್ಟಿಲಿನ ಲೀಗೇ ಇಷ್ಟ. ತಮಾಷೆ ಅಂದರೆ ನಮ್ಮಲ್ಲೂ ಡಿವಿಷನ್ ಇರುವುದು ದುಡ್ಡಿಲ್ಲದ ಲೀಗ್‌ನಲ್ಲಿ. ಕೆಎಸ್‌ಸಿಎ ಧಾರವಾಡ ವಲಯದ ಕ್ಲಬ್ಬುಗಳು ಡಿವಿಷನ್ ಡಿವಿಷನ್ ಆಡುತ್ತವೆ. ಟಿವಿಯಲ್ಲಿ ಬರುವ ಲೀಗಿಗೆ ಮಾತ್ರ ಮೆಟ್ಟಿಲೇ ಇಲ್ಲ, ಬರೀ ಹರಾಜು.

ಸಂಜೆ ಧಾರವಾಡಕ್ಕೆ ಹೋಗಿದ್ದು ಬರೀ ಪೇಡೆಗೆ. ಲೈನ್ ಬಜಾರಿನಲ್ಲಿ ಸರದಿ ನಿಂತು, ತಗೊಂಡು, ವಾಪಸ್. ಅದರ ಬಗ್ಗೆ ಬರೆಯೋಕೆ ಏನಿದೆ, ತಿನ್ನಬೇಕು.

ಶನಿವಾರ, ಗದಗ

ಗದಗಿಗೆ ಬಸ್ಸು ಬೇಕಾದಷ್ಟಿವೆ. ನಾನು ಬೇಕಂತಲೇ ಬೆಳಗಿನ ರೈಲು ಹಿಡಿದೆ. ಸುನಿಲ್ ಜೋಶಿ ಓಡಾಡಿದ ದಾರಿ ಇದು. ಗದಗಿನ ಹುಡುಗ, ಹುಟ್ಟಿದ್ದು 1970ರಲ್ಲಿ. ಬೆಳಿಗ್ಗೆ ಎದ್ದು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಮತ್ತೆ ಗದಗಿಗೆ ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದರು. ಅಣ್ಣಿಗೇರಿ ದಾಟುವಾಗ ಹೊರಗೆ ಕರಿಮಣ್ಣಿನ ಹೊಲಗಳು, ಕಡಲೆ ಬಿತ್ತನೆ ನಡೆದಿತ್ತು. ಹುಡುಗನಿಗೆ ಜೋಶಿ ಹೆಸರು ಕೋಚ್ ಅಂತ ಮಾತ್ರ ಗೊತ್ತಿತ್ತು. ಪಂಜಾಬ್ ಕಿಂಗ್ಸ್‌ಗೆ ಸ್ಪಿನ್ ಕೋಚ್ ಆಗಿದ್ದರಲ್ವಾ ಅಂದ.

“10 ಓವರ್, 6 ಮೇಡನ್, 6 ರನ್, 5 ವಿಕೆಟ್” ಅಂದೆ.

“ಯಾವ ಗಲ್ಲಿ ಮ್ಯಾಚು?”

ಗಲ್ಲಿ ಅಲ್ಲಪ್ಪ, 1999ರ ಸೆಪ್ಟೆಂಬರ್, ನೈರೋಬಿ, ಎದುರಿಗೆ ದಕ್ಷಿಣ ಆಫ್ರಿಕ. ಅದಕ್ಕೂ ಮೊದಲು 1995-96ರ ರಣಜಿಯಲ್ಲಿ ಒಂದೇ ಸೀಸನ್‌ನಲ್ಲಿ 500 ರನ್ ಮತ್ತು 50 ವಿಕೆಟ್. ಐಪಿಎಲ್ ಬಂದಾಗ ಅವರಿಗೆ 37 ದಾಟಿತ್ತು, ಆರ್‌ಸಿಬಿಗೆ ಬೆರಳೆಣಿಕೆಯಷ್ಟು ಪಂದ್ಯ ಆಡಿದರು ಅಷ್ಟೇ. ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಹರಾಜಿನಲ್ಲಿ ಎಷ್ಟಾಗುತ್ತಿದ್ದರೋ ಅಂತ ಹುಡುಗ ಲೆಕ್ಕ ಹಾಕತೊಡಗಿದ. ನನಗೆ ಅನಿಸಿದ್ದೇ ಬೇರೆ. ಆಗ ಗದಗಿನ ಹುಡುಗ ಆಟಕ್ಕಾಗಿ ಹುಬ್ಬಳ್ಳಿಗೆ ರೈಲು ಹತ್ತಬೇಕಿತ್ತು. ಈಗ ಹುಬ್ಬಳ್ಳಿಯವನು ಬೆಂಗಳೂರಿಗೆ ಹತ್ತುತ್ತಾನೆ.

ನಿಲ್ದಾಣಕ್ಕೆ ಕಾಕಾ ಬಂದಿದ್ದರು. ನಮ್ಮಪ್ಪನ ಗೆಳೆಯರು, ಸಹಕಾರಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕೆನೆ ಮೊಸರು. ಊಟದ ನಂತರ ಕಣಗಿನಹಾಳಕ್ಕೆ ಕರೆದುಕೊಂಡು ಹೋದರು. ಗದಗಿಗೆ ಯಾರೇ ಬಂದರೂ ವೀರನಾರಾಯಣ ಗುಡಿ ತೋರಿಸುವುದು ರೂಢಿ. ಕಾಕಾಗೆ ಮಾತ್ರ ದೇವಸ್ಥಾನ ಅಂದರೆ ಇದೇ. ಬ್ರಿಟಿಷರು ಸಹಕಾರ ಸಂಘಗಳ ಕಾಯ್ದೆ ಮಾಡಿದ್ದು 1904ರಲ್ಲಿ. ಮರುವರ್ಷವೇ ಈ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರರ ಬಡ್ಡಿಯಿಂದ ತಪ್ಪಿಸಿಕೊಳ್ಳಲು ಊರಿನವರೇ ರೊಕ್ಕ ಕೂಡಿಸಿ, ಊರಿನವರಿಗೇ ಸಾಲ ಕೊಡುವ ಏರ್ಪಾಡು. ಏಷ್ಯಾಕ್ಕೇ ಮೊದಲನೇದು ಅಂತ ಇಲ್ಲಿನವರ ಮಾತು. ಕಾಕಾ ಅದನ್ನು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ.

ಅಲ್ಲೇ ಹುಡುಗನಿಗೆ ಗ್ರೀನ್ ಬೇ ನೆನಪಾಯಿತು. “ಅಜ್ಜಾ, ಅಮೆರಿಕದಲ್ಲೂ ಹೀಗೇ ಊರವರೇ ಇಟ್ಟುಕೊಂಡಿರೋ ಟೀಮ್ ಒಂದಿದೆ.”

ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ. ಜನಸಂಖ್ಯೆ ಸುಮಾರು ಒಂದು ಲಕ್ಷ, ಅಂದರೆ ಗದಗ-ಬೆಟಗೇರಿಗಿಂತ ಚಿಕ್ಕದು. ಎನ್‌ಎಫ್‌ಎಲ್‌ನಲ್ಲಿ ಆಡುವ ಅಲ್ಲಿನ ಪ್ಯಾಕರ್ಸ್ ತಂಡ ಹುಟ್ಟಿದ್ದು 1919ರಲ್ಲಿ. ಮಾಂಸ ಪ್ಯಾಕ್ ಮಾಡುವ ಕಂಪನಿಯೊಂದು ಜೆರ್ಸಿಗೆ ದುಡ್ಡು ಕೊಟ್ಟಿತ್ತು, ಹೆಸರೂ ಹಾಗೇ ಉಳಿಯಿತು. ನಾಲ್ಕೇ ವರ್ಷದಲ್ಲಿ ಕೈ ಖಾಲಿ. ಆಗ, 1923ರಲ್ಲಿ, ಊರವರಿಗೆ ಐದು ಡಾಲರಿನ ಶೇರು ಮಾರಿದರು. ಆಮೇಲೂ ಕಷ್ಟ ಬಂದಾಗ, ಸ್ಟೇಡಿಯಂ ದೊಡ್ಡದು ಮಾಡುವಾಗ ಮತ್ತೆ ಮತ್ತೆ ಮಾರಿದರು. ಈಗ ಐದು ಲಕ್ಷಕ್ಕೂ ಹೆಚ್ಚು ಶೇರುದಾರರಿದ್ದಾರೆ. ನ್ಯೂಯಾರ್ಕ್, ಷಿಕಾಗೊ, ಡಲ್ಲಾಸ್‌ನಂಥ ಊರುಗಳ ಕೋಟ್ಯಧೀಶರ ತಂಡಗಳ ನಡುವೆ ಈ ಒಂದೇ ಒಂದು ತಂಡ ಜನರದ್ದು. ಸ್ಟೇಡಿಯಂನಲ್ಲಿ 81 ಸಾವಿರ ಜನ ಕೂರಬಹುದು. ಸೀಸನ್ ಟಿಕೆಟಿಗೆ ಕಾಯುವವರ ಪಟ್ಟಿಯಲ್ಲಿ ಲಕ್ಷಕ್ಕೂ ಜಾಸ್ತಿ ಹೆಸರು, ಹುಟ್ಟಿದ ಮಗುವಿನ ಹೆಸರನ್ನೂ ಬರೆಸಿಬಿಡುತ್ತಾರಂತೆ. ಇನ್ನೊಂದು ತಂಡ ಹೀಗೆ ಹುಟ್ಟುವ ಹಾಗಿಲ್ಲ. ಎನ್‌ಎಫ್‌ಎಲ್ ನಿಯಮ ಈಗ ಅದಕ್ಕೆ ಅವಕಾಶ ಕೊಡುವುದಿಲ್ಲ.

ಕಾಕಾ ಬ್ಯಾಂಕಿನವರಲ್ವಾ, ಕಥೆಗೆ ಮರುಳಾಗಲಿಲ್ಲ. ಪ್ರಶ್ನೆ ಶುರು ಮಾಡಿದರು.

“ಲಾಭಾಂಶ ಎಷ್ಟು ಕೊಡ್ತಾರಪಾ?”

“ಕೊಡಲ್ಲ ಅಜ್ಜಾ.”

“ಶೇರು ಮಾರಾಕ ಬರ್ತದ?”

“ಲಾಭಕ್ಕೆ ಮಾರೋ ಹಾಗಿಲ್ಲ. ಮನೆಯವರಿಗೆ ಬಿಟ್ಟುಕೊಡಬಹುದು.”

“ಅದರ ಮ್ಯಾಲ ಸಾಲ?”

“ಅಯ್ಯೋ, ಇಲ್ಲ.”

“ಹಂಗಾರ ಅದು ಶೇರ್ ಅಲ್ಲೋ ತಮ್ಮಾ. ಜಾತ್ರಿ ಪಟ್ಟಿ ಪಾವತಿ ಅದು. ರೊಕ್ಕ ಕೊಡು, ಪಾವತಿ ತಗೋ, ತೇರು ನಂದು ಅಂತ ತಿರುಗು.”

ನಾನು ಇದುವರೆಗೆ ಓದಿದ ಯಾವ ಕ್ರೀಡಾ ಲೇಖನದಲ್ಲೂ ಪ್ಯಾಕರ್ಸ್ ಬಗ್ಗೆ ಇಷ್ಟು ಸರಿಯಾದ ಮಾತು ಕಂಡಿಲ್ಲ. ಆದರೆ ಹುಡುಗ ಬಿಡಲಿಲ್ಲ. ಶೇರುದಾರರಿಗೆ ಮತ ಇದೆ, ಪ್ರತಿ ವರ್ಷ ಸ್ಟೇಡಿಯಂನಲ್ಲೇ ಮಹಾಸಭೆ ನಡೆಯುತ್ತದೆ, ನಿರ್ದೇಶಕರನ್ನು ಆರಿಸುತ್ತಾರೆ ಅಂದ. ಕಾಕಾ ಮುಖ ಅರಳಿತು. “ಮಹಾಸಭಾ ಐತೇನು? ಊಟ ಇರ್ತದೇನು?”

ಆ ಪ್ರಶ್ನೆಗೆ ಉತ್ತರ ನಮ್ಮಿಬ್ಬರಲ್ಲೂ ಇರಲಿಲ್ಲ.

ಸಂಜೆ ಬೆಟಗೇರಿ ಕಡೆ ಹೋಗುವಾಗಲೂ ಇದೇ ಮಾತು. ಜರ್ಮನಿಯ ಫುಟ್‌ಬಾಲ್‌ನಲ್ಲಿ 1998ರಿಂದ 50+1 ಅನ್ನುವ ನಿಯಮ ಇದೆ. ಹೊರಗಿನವನು ಎಷ್ಟೇ ದುಡ್ಡು ಹಾಕಲಿ, ಮತದಲ್ಲಿ ಹೆಚ್ಚಿನ ಪಾಲು ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕು. ಸ್ಪೇನಿನ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್‌ನಂಥ ದೊಡ್ಡ ಕ್ಲಬ್ಬುಗಳಿಗೂ ಸದಸ್ಯರೇ ಮಾಲೀಕರು, ಅಧ್ಯಕ್ಷನಿಗೆ ಚುನಾವಣೆ ನಡೆಯುತ್ತದೆ. ಚುನಾವಣೆ ಅಂದ ಮೇಲೆ ಪೊಳ್ಳು ಭರವಸೆ, ಸಾಲ, ಗುಂಪುಗಾರಿಕೆ ಎಲ್ಲವೂ ಉಂಟು. ಬಾರ್ಸಿಲೋನಾದ ಸಾಲ ಒಂದು ಶತಕೋಟಿ ಯೂರೊ ದಾಟಿತ್ತು. ಸದಸ್ಯರದ್ದು ಅಂದ ಮಾತ್ರಕ್ಕೆ ಚೆನ್ನಾಗಿ ನಡೆಯುತ್ತದೆ ಅಂತೇನಿಲ್ಲ. ಕಾಕಾ ಇದಕ್ಕೆ ತಲೆಯಾಡಿಸಿದರು, ಅವರಿಗೆ ಸಹಕಾರಿ ಚುನಾವಣೆಗಳ ಅನುಭವ ಸಾಕಷ್ಟಿದೆ. 2021ರ ಏಪ್ರಿಲ್‌ನಲ್ಲಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ಸೇರಿ ಸೂಪರ್ ಲೀಗ್ ಮಾಡಲು ಹೊರಟವಲ್ಲ, ಸಂಸ್ಥಾಪಕರು ಎಂದೂ ಕೆಳಗೆ ಬೀಳದ ಅಮೆರಿಕನ್ ಮಾದರಿಯ ಲೀಗು ಅದು. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಅಲ್ಲಿನ ಆರೂ ಕ್ಲಬ್ಬುಗಳು ಬಾಲ ಮಡಚಿಕೊಂಡು ಹಿಂದೆ ಸರಿದವು. ಜರ್ಮನಿಯ ಬಾಯರ್ನ್, ಡಾರ್ಟ್‌ಮಂಡ್ ಮೊದಲೇ ಆ ಕಡೆ ಹೋಗಿರಲಿಲ್ಲ.

ಭಾನುವಾರ, ಹಾವೇರಿ

ಲಕ್ಷ್ಮೇಶ್ವರ, ಸವಣೂರು ಮೇಲಿನಿಂದ ಬಸ್ಸು. ಸವಣೂರಿನಲ್ಲಿ ಖಾರ ಕಟ್ಟಿಸಿಕೊಂಡೆವು. ರಸ್ತೆ ಬಗ್ಗೆ ಹೇಳದಿರುವುದೇ ಒಳ್ಳೆಯದು.

ಅಜ್ಜಿ ಊರಿನ ಪಕ್ಕದ ಹಳ್ಳಿಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಊರ ಬಾಗಿಲಲ್ಲೇ ಹುಡುಗ ನಿಂತುಬಿಟ್ಟ. ಐವತ್ತು ಅರವತ್ತು ಹುಡುಗರು, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಬೆನ್ನ ಮೇಲೆ ಆಟಗಾರನ ಹೆಸರಿಲ್ಲ, ಹೋರಿಯ ಫೋಟೊ, ಕೆಳಗೆ ಅದರ ಬಿರುದು. ಟ್ರ್ಯಾಕ್ಟರ್ ಮೇಲೆ ಸೌಂಡ್ ಬಾಕ್ಸು, ಬ್ಯಾನರು. ಇನ್ನೊಂದು ಹೋರಿಗೆ ಇನ್ನೊಂದು ಬಣ್ಣ. “ಮಾಮಾ, ಇದು ಫ್ಯಾನ್ ಕ್ಲಬ್ ಅಲ್ಲ, ಫ್ರಾಂಚೈಸಿ” ಅಂದ.

ಹೋರಿಯನ್ನು ಹತ್ತಿರದಿಂದ ನೋಡಿದೆವು. ಕೊಂಬಿಗೆ ಬಣ್ಣ, ತುದಿಗೆ ಹಿತ್ತಾಳೆಯ ಕೊಂಬಣಸು. ಬೆನ್ನ ಮೇಲೆ ಜೂಲಾ ಅನ್ನುವ ಹೊದಿಕೆ. ಕೊರಳಿನಿಂದ ಎದೆವರೆಗೆ ಒಣ ಕೊಬ್ಬರಿ ಬಟ್ಟಲುಗಳ ಸರ, ಒಂದರ ಮೇಲೊಂದು ಒತ್ತಾಗಿ. ರಿಬ್ಬನ್ನು, ಬಲೂನು. ನಾಲ್ಕು ಜನ ಹಗ್ಗ ಹಿಡಿದಿದ್ದರೂ ಅದು ಮೂಗು ಉಬ್ಬಿಸಿ ಮಣ್ಣು ಕೆದರುತ್ತಿತ್ತು. ಮಾಲೀಕರ ಮನೆಯ ಹೆಂಗಸರು ಆರತಿ ಎತ್ತಿ ಹಣೆಗೆ ಕುಂಕುಮ ಹಚ್ಚಿದಾಗ ಮಾತ್ರ ತಲೆ ಬಗ್ಗಿಸಿತು. ಆಮೇಲೆ ಮೈಕಿನಲ್ಲಿ ಅದರ ಹೆಸರು, ಮಾಲೀಕರ ಹೆಸರು, ಊರು. ಹಗ್ಗ ಬಿಟ್ಟರು. ಇಕ್ಕೆಲದ ಜನರ ನಡುವೆ ಅದು ಸೀಳಿಕೊಂಡು ಓಡಿತು. ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ಬಂದವರೆಲ್ಲ ಎರಡೇ ಕ್ಷಣದಲ್ಲಿ ಮಣ್ಣಿನಲ್ಲಿದ್ದರು. ಕೊಬ್ಬರಿ ಕೊಡದೆ ಓಡಿದ ಹೋರಿಗೆ ಬಹುಮಾನ. ಹಿಡಿದವನಿಗೂ ಬಹುಮಾನ. ಈ ಊರಲ್ಲಿ ಮೊದಲ ಬಹುಮಾನ ಬೈಕು.

ಒಳ್ಳೆ ಹೋರಿಗೆ ಲಕ್ಷಗಟ್ಟಲೆ ಬೆಲೆ. ಹುರುಳಿ, ಹಿಂಡಿ, ಮೊಟ್ಟೆ, ಹಾಲು ತಿನ್ನಿಸಿ, ಕೆರೆಯಲ್ಲಿ ಈಜಿಸಿ ತಯಾರು ಮಾಡುತ್ತಾರೆ. ಸತ್ತರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ. ಹುಡುಗ ಒಬ್ಬ ಮಾಲೀಕರಿಗೆ ಫುಟ್‌ಬಾಲ್ ಆಟಗಾರ ನೇಮರ್ ಕಥೆ ಹೇಳಿದ. 2017ರಲ್ಲಿ ಬಾರ್ಸಿಲೋನಾದಿಂದ ಪ್ಯಾರಿಸ್ ತಂಡಕ್ಕೆ ಹೋಗುವಾಗ 222 ಮಿಲಿಯನ್ ಯೂರೊ, ಇವತ್ತಿಗೂ ಅದೇ ದಾಖಲೆ. ನಿಮಗೆ ಅಷ್ಟು ಕೊಟ್ಟರೆ ಮಾರ್ತೀರಾ ಅಂದ. ಅವರು ಹೋರಿಯ ಗಂಗೆದೊಗಲು ಕೆರೆಯುತ್ತಾ, “ನಾ ಮಾರಿದ್ರ ನಮ್ಮ ಹುಡುಗ್ರು ನನ್ನ ಊರಾಗ ಇಟ್ಕೊಳ್ಳಂಗಿಲ್ಲ ಬಿಡ್ರಿ” ಅಂದರು. ಓಕ್‌ಲ್ಯಾಂಡ್‌ನ ಜನಕ್ಕೆ ಇಂಥ ಮಾಲೀಕ ಸಿಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಮೋಸವಾಗುತ್ತದೆ. ನಮ್ಮ ಎದುರಿಗೇ ಒಬ್ಬನ ತೊಡೆಗೆ ಕೊಂಬು ತಾಗಿತು. ನಾಲ್ಕು ಜನ ಎತ್ತಿಕೊಂಡು ಹೋದದ್ದು ಗೂಡ್ಸ್ ಆಟೊದಲ್ಲಿ. ಈ ಜಿಲ್ಲೆಯಲ್ಲಿ ಹೋರಿ ಹಬ್ಬ ನೋಡಲು ನಿಂತವರೂ ಸತ್ತಿದ್ದಾರೆ. ಬೇಲಿ ಇಲ್ಲ, ಡಾಕ್ಟರಿಲ್ಲ, ವಿಮೆ ಇಲ್ಲ. ಲೀಗ್ ಅಂದರೆ ನಮಗೆ ಹರಾಜು, ಪಟಾಕಿ, ಜಾಹೀರಾತು ಮಾತ್ರ ಕಾಣುತ್ತದೆ. ಅದರ ಅಸಲಿ ಕೆಲಸ ಬೇಸರ ತರುವಂಥದ್ದು. ದಿನಾಂಕ ಗೊತ್ತು ಮಾಡುವುದು, ನಿಯಮ ಬರೆಯುವುದು, ಆಂಬುಲೆನ್ಸ್ ನಿಲ್ಲಿಸುವುದು. ದೊಡ್ಡ ಲೀಗ್‌ಗಳೂ ಇದನ್ನು ಒಳ್ಳೇತನದಿಂದ ಕಲಿತಿಲ್ಲ. ತಲೆಗೆ ಪೆಟ್ಟು ಬಿದ್ದೂ ಬಿದ್ದೂ ಮಿದುಳು ಹಾಳಾದ ಸಾವಿರಾರು ಹಳೆಯ ಆಟಗಾರರು ಕೋರ್ಟಿಗೆ ಹೋದ ಮೇಲೆ ಎನ್‌ಎಫ್‌ಎಲ್ ದುಡ್ಡು ಬಿಚ್ಚಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಕಂಬಳದ ಕಾನೂನುಗಳನ್ನು ಎತ್ತಿಹಿಡಿದಿದೆ. ಆಟ ಉಳಿಯುತ್ತದೆ. ಹಾಗಾದರೆ ಬೇಲಿಯನ್ನೂ ಹಾಕಬೇಕಲ್ಲ?

ರಾತ್ರಿ ಅಜ್ಜಿ ಊರಿನಲ್ಲೇ ಹೊನಲು ಬೆಳಕಿನ ಕಬಡ್ಡಿ. ಶಾಲೆ ಮೈದಾನದಲ್ಲಿ ಬಾಡಿಗೆ ಮ್ಯಾಟು, ನಾಲ್ಕು ಕಂಬಕ್ಕೆ ಲೈಟು. ಪ್ರೊ ಕಬಡ್ಡಿ 2014ರಲ್ಲಿ ಎಂಟು ತಂಡಗಳಿಂದ ಶುರುವಾಗಿ ಈಗ ಹನ್ನೆರಡಾಗಿದೆ. ಅದು ಹಳ್ಳಿಗೆ ಏನು ಮಾಡಿದೆ ಅಂತ ಇಲ್ಲಿ ಬಂದು ನೋಡಬೇಕು. ಸ್ಟಾಪ್‌ವಾಚ್ ಹಿಡಿದವನು ಮೂವತ್ತು ಸೆಕೆಂಡಿಗೆ ಸೀಟಿ ಊದುತ್ತಾನೆ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ, ಇಡೀ ಮೈದಾನ ಅದನ್ನು ಕೂಗಿ ಹೇಳುತ್ತದೆ. ಮೂರೇ ಜನ ಉಳಿದಾಗ ಹಿಡಿದರೆ ಒಂದು ಪಾಯಿಂಟ್ ಜಾಸ್ತಿ ಅಂತ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನನಗೇ ಪಾಠ ಮಾಡಿದಳು. ನನ್ನ ಮಾವ ಆಡುತ್ತಿದ್ದಾಗ ದಮ್ಮು ಇರುವಷ್ಟು ಹೊತ್ತೂ ರೈಡು. ಆಟ ವೇಗವಾಗಿದೆ, ನನಗಂತೂ ಈಗಿನದೇ ಚೆನ್ನ. 2018ರವರೆಗೆ ಕಬಡ್ಡಿಯವನಿಗೆ ಹರಾಜಿನಲ್ಲಿ ಕೋಟಿ ಅನ್ನುವುದೇ ಇರಲಿಲ್ಲ. ಆ ವರ್ಷ ಮೋನು ಗೋಯತ್‌ಗೆ 1.51 ಕೋಟಿ ಸಿಕ್ಕಿತು. 2023ಕ್ಕೆ ಪವನ್ ಸೆಹ್ರಾವತ್ 2.6 ಕೋಟಿ ದಾಟಿದ. ಇರಾನಿನ ಶಾದ್ಲೂಗೆ 2.35 ಕೋಟಿ. ಇಲ್ಲಿ ಗೆದ್ದ ಏಳು ಜನಕ್ಕೂ ಸೇರಿ ಇಪ್ಪತ್ತು ಸಾವಿರ, ಒಂದು ಢಾಲು.

ಸೆಮಿಫೈನಲ್‌ನಲ್ಲಿ ಊರಿನ ತಂಡದ ರೈಡರ್ ಒಬ್ಬ, ಹಗಲು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವವನು, ಬಲ ಮೂಲೆಯವನ ಕೈಯಿಂದ ಹಿಮ್ಮಡಿ ಬಿಡಿಸಿಕೊಂಡು, ಮ್ಯಾಟಿನ ಮೇಲೆ ಉದ್ದಕ್ಕೆ ಬಿದ್ದು, ನಡುವಿನ ಗೆರೆಗೆ ಎರಡು ಬೆರಳು ತಾಗಿಸಿದ. ಮೇಲೆ ಬಿದ್ದಿದ್ದ ಮೂವರೂ ಔಟ್. ಹುಡುಗ ಕುರ್ಚಿ ಮೇಲೆ ಹತ್ತಿ ಕುಣಿದ. 2019ರ ಜನವರಿಯ ಫೈನಲ್‌ನಲ್ಲಿ ಪವನ್ ಒಬ್ಬನೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದು ಕೊಟ್ಟಾಗಲೂ ಇಷ್ಟು ಕುಣಿದಿರಲಿಲ್ಲ ಇವನು.

ಅಷ್ಟರಲ್ಲಿ ಕಮಿಟಿಯವರು ಪಟ್ಟಿ ಪುಸ್ತಕ ಹಿಡಿದು ಬಂದರು. ಮ್ಯಾಟಿನ ಬಾಡಿಗೆ, ಲೈಟು, ಬಂದ ತಂಡಗಳಿಗೆ ಊಟ, ಎಲ್ಲ ಊರವರ ದೇಣಿಗೆ. ಇನ್ನೂ ರೊಕ್ಕ ಸಾಲದು. ಹುಡುಗ ತನ್ನ ಜೇಬಿನಿಂದ ಇನ್ನೂರು ತೆಗೆದು, ನನ್ನ ಹೆಸರಿಗೆ ಪಾವತಿ ಕೊಡಿ, ನಾನೂ ಶೇರುದಾರ ಅಂದ. ಪೆನ್ನು ತೆಗೆದವರು ಕೇಳಿದರು, “ಊರು ಯಾವ್ದಂತ ಬರೀಲಿ?”

“ಬೆಂಗಳೂರು.”

“ಬುಲ್ಸ್ ಊರಿನವ್ರಾ! ಕೋಟಿಗಟ್ಲೆ ಹರಾಜ್ ಹಿಡಿಯೋ ಮಂದಿ ನೀವು. ಐನೂರು ಬರ್ಕೋತೀನಿ, ಉಳಿದ ಮುನ್ನೂರು ನಿಮ್ಮ ಮಾಮಾರ ಕಡೆ ಇಸ್ಕೊಡ್ರಿ.”

ನಾನು ಪರ್ಸ್ ತೆಗೆದೆ.